ಹಿಗ್ಗಿದ ಟೇಪು

ನನ್ನ ಮೊಮ್ಮಗಳಿಗೆ ಇಂಚು ಅಂತ ಹೆಸರಿಟ್ಟವರು ನಾವಲ್ಲ, ಕೆಳಗಿನ ಬೇಕರಿಯವರು. ಆಗ ಅವಳು ಒಂಬತ್ತನೇ ಕ್ಲಾಸು. ಒಂದು ಭಾನುವಾರ ನನ್ನ ಹೊಲಿಗೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅವರ ಅಂಗಡಿಗೆ ಇಳಿದವಳು ಗಾಜಿನ ಕಪಾಟು, ಗಲ್ಲಾಪೆಟ್ಟಿಗೆ, ಬಾಗಿಲು, ಬ್ರೆಡ್ ಜೋಡಿಸುವ ಹಲಗೆ ಎಲ್ಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ, "ಮಾಮ, ಒಂದ್ನಿಮಿಷ ನೆಟ್ಟಗೆ ನಿಂತ್ಕೊಳ್ಳಿ, ನಿಮ್ಮನ್ನೂ ಅಳೀಬೇಕು" ಅಂದಳು. ಬ್ರೆಡ್ಡಿಗೆ ಅಂತ ಹೋದ ನಾನು ಅಲ್ಲೇ ನಿಂತಿದ್ದೆ.

"ನನ್ನನ್ಯಾಕಮ್ಮ? ಹೆಣದ ಪೆಟ್ಟಿಗೆ ಮಾಡಿಸ್ತೀಯಾ?"

"ಗೇಮಲ್ಲಿ ಹಾಕ್ತೀನಿ ಮಾಮ. ನಮ್ಮ ಬಿಲ್ಡಿಂಗು ಪೂರ್ತಿ ಕಟ್ತಿದ್ದೀನಿ. ಬೇಕರೀಲಿ ನೀವಿರದಿದ್ರೆ ಹೇಗೆ?"

"ಹಾಗಾದ್ರೆ ಹೊಟ್ಟೆ ಸುತ್ತಳತೆ ಎರಡಿಂಚು ಕಮ್ಮಿ ಬರ್ಕೋ ತಾಯಿ. ಅಲ್ಲಾದ್ರೂ ಸಣ್ಣಗಿರ್ತೀನಿ."

ಅವಳು ನಗಲಿಲ್ಲ. ಅಳತೆ ವಿಷಯದಲ್ಲಿ ಅವಳಿಗೆ ತಮಾಷೆ ಹಿಡಿಸುತ್ತಿರಲಿಲ್ಲ. ಆದರೂ ಎರಡಿಂಚು ಕಮ್ಮಿ ಬರೆದಳು, ನಾನೇ ನೋಡಿದೆ. ಅವಳು ಬರೆದ ಒಂದೇ ಒಂದು ಸುಳ್ಳು ಅಳತೆ ಅದು. ಅವತ್ತಿನಿಂದ ಕಟ್ಟಡದವರ ಬಾಯಲ್ಲೆಲ್ಲ ಅವಳು ಇಂಚು.

ಕಟ್ಟಡ ಅಂದರೆ ಮೂರು ಅಂತಸ್ತು. ಕೆಳಗೆ ಬೇಕರಿ. ಅದರ ಮೇಲೆ ಗಡಿಯಾರ ರಿಪೇರಿಯವರು ಮತ್ತು ಅವರ ಹೆಂಡತಿ. ಎಲ್ಲಕ್ಕಿಂತ ಮೇಲೆ ನಾವು: ಬಸ್ಸು ಓಡಿಸುವ ನನ್ನ ಮಗ, ಆಸ್ಪತ್ರೆಯಲ್ಲಿ ನರ್ಸಾಗಿರುವ ಸೊಸೆ, ಇಂಚು, ನಾನು, ನನ್ನ ಹೊಲಿಗೆ ಮಷೀನು. ಮೆಟ್ಟಿಲು ಕಟ್ಟಡದ ಹಿಂಬದಿಗೆ, ಕಿರಿದು. ಅಕ್ಕಿ ಮೂಟೆ ಹೊತ್ತವನು ಎದುರಿಗೆ ಬಂದರೆ ನಾವು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳಬೇಕಿತ್ತು.

ಇಂಚುಗೆ ಈ ಆಟದ ಹುಚ್ಚು ಹಿಡಿದದ್ದು ಏಳನೇ ಕ್ಲಾಸಿನಲ್ಲಿ, ಮಗ ಯಾರೋ ಆಫೀಸಿನವರು ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರು ತಂದಾಗ. ಮೊದಮೊದಲು ಕಾರು ಓಡಿಸುವುದು, ಗುಂಡು ಹೊಡೆಯುವುದು. ಮನೆಯೊಳಗೆ ಯುದ್ಧ ನಡೆದ ಹಾಗೆ ಸದ್ದು. ನಾನು ಗುಂಡಿಗೆ ಕಾಜ ಹಾಕುತ್ತಿದ್ದವಳು ಬೆಚ್ಚಿ ಬೆರಳು ಚುಚ್ಚಿಕೊಂಡದ್ದೂ ಉಂಟು. ಆಮೇಲೆ ಅದು ಅವಳಿಗೆ ಸಪ್ಪೆಯಾಯಿತು. ಚೌಕ ಚೌಕ ಇಟ್ಟಿಗೆ ಜೋಡಿಸಿ ಮನೆ ಕಟ್ಟುವ ಆಟ ಹಿಡಿದಳು. ಬೇರೆ ಮಕ್ಕಳು ಅರಮನೆ, ಕೋಟೆ ಕಟ್ಟಿದರೆ ಇವಳು ನಮ್ಮ ಅಡುಗೆಮನೆ ಕಟ್ಟಿದಳು. ಒಂದು ಇಂಚಿಗೆ ಒಂದು ಇಟ್ಟಿಗೆ. ಸಿಂಕಿನ ಕೆಳಗಿನ ಬಕೆಟ್ಟು ಸಹ ಇತ್ತು.

"ಇರೋ ಮನೇನ ಮತ್ತೆ ಯಾಕೆ ಕಟ್ತೀಯೇ?" ಅಂತ ಅವಳ ಅಪ್ಪ ರೇಗಿಸಿದ. "ಸಮುದ್ರದ ಹತ್ರ ಒಂದು ಬಂಗಲೆ ಕಟ್ಟು, ನಾವೆಲ್ಲ ಅಲ್ಲಿಗೆ ಹೋಗೋಣ."

"ಬಂಗಲೆ ಯಾರು ಬೇಕಾದ್ರೂ ಕಟ್ತಾರಪ್ಪ. ಸರಿಯಾಗಿದ್ಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?"

ಅವಳ ಸ್ವಭಾವವೇ ಅದು. ಚಿತ್ರ ಬರೆದರೂ ಅಷ್ಟೆ, ನನ್ನ ಮುಖದ ಸುಕ್ಕು ಎಣಿಸಿ ಬರೆಯುತ್ತಿದ್ದಳು. ದನಿ ಹಿಡಿಯುವ ಹುಚ್ಚು ಬೇರೆ. ಅವಳಮ್ಮನ ಹಳೆಯ ಫೋನು ಹಿಡಿದು ಮೆಟ್ಟಿಲ ಮೇಲಿನ ಹೆಜ್ಜೆ, ಬೇಕರಿ ಷಟರು ಏಳುವುದು, ನಮ್ಮ ಬಾಗಿಲ ಕಿರ್ರ್ ಅನ್ನುವುದು, ಎಲ್ಲ ಹಿಡಿದು ಆಟದೊಳಗೆ ಸೇರಿಸುತ್ತಿದ್ದಳು. ಒಂದು ಸಲ ಪರದೆಯೊಳಗಿನ ಬಾಗಿಲು ತೆರೆದರೆ ನಮ್ಮದೇ ಬಾಗಿಲಿನ ಸದ್ದು. ನಾನು ಯಾರೋ ಬಂದರು ಅಂತ ಎದ್ದು ನೋಡಿದೆ.

ಟೇಪಿನ ವಿಷಯ ಹೇಳಬೇಕು. ನನ್ನ ಹತ್ತಿರ ಎರಡು ಟೇಪು. ಒಂದು ನಾನು ಹುಡುಗಿಯಾಗಿ ಟೈಲರ್ ಅಂಗಡಿ ಸೇರಿದಾಗ ಅಲ್ಲಿನ ಮೇಷ್ಟ್ರು ಕೊಟ್ಟ ಬಟ್ಟೆ ಟೇಪು, ಅಂಕಿ ಅರ್ಧ ಅಳಿಸಿಹೋಗಿ, ಮೂವತ್ತು ವರ್ಷ ಜಗ್ಗಿ ಜಗ್ಗಿ ಹಿಗ್ಗಿದ್ದು. ಇನ್ನೊಂದು ಕೆಲಸದ ಟೇಪು, ಮಷೀನಿನ ಡ್ರಾಯರಿನಲ್ಲಿ ಸುತ್ತಿಟ್ಟಿರುತ್ತಿದ್ದೆ. ಹಳೆಯದನ್ನು ಇಂಚುಗೆ ಕೊಟ್ಟಿದ್ದೆ. ಹೊಸದನ್ನು ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಬಟ್ಟೆ ಅಳೆಯುವ ಟೇಪು ಗೋಡೆ, ನೆಲ ಮುಟ್ಟಬಾರದು ಅಂತ ಮೇಷ್ಟ್ರು ನಮಗೆ ಕಿವಿ ಹಿಂಡಿ ಕಲಿಸಿದ್ದರು. ಗೋಡೆಯ ಸುಣ್ಣ ಟೇಪಿಗೆ, ಟೇಪಿನಿಂದ ಗಿರಾಕಿಯ ಕರಿ ಕೋಟಿಗೆ.

ಒಂಬತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂತು. ಗಣಿತ ಬಿಟ್ಟು ಮಿಕ್ಕಿದ್ದರಲ್ಲೆಲ್ಲ ಮಾರ್ಕ್ಸು ಇಳಿದಿತ್ತು. ಮಗ ಕಂಪ್ಯೂಟರಿನ ಕೀಬೋರ್ಡು ಬಿಚ್ಚಿ ಬಸ್ ಡಿಪೋದ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಎರಡು ತಿಂಗಳು. ಅವಳು ಅಳಲಿಲ್ಲ, ಕೂಗಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದಲೇ ಏನೋ ಅಳೆಯುತ್ತಿದ್ದಳು.

ಬೇಕರಿಯಲ್ಲಿ ಗೋಡೆ ಒಡೆದದ್ದು ಆ ಎರಡು ತಿಂಗಳಲ್ಲೇ. ಅಂಗಡಿಗೂ ಹಿಂದಿನ ಉಗ್ರಾಣಕ್ಕೂ ನಡುವೆ ಒಂದು ಗೋಡೆ ಇತ್ತು. ದೊಡ್ಡ ಒಲೆ ತರಬೇಕು, ಜಾಗ ಸಾಲದು ಅಂತ ಬೇಕರಿಯವರು ಕಟ್ಟಡದ ಮಾಲೀಕರನ್ನು ಕೇಳಿದರು. ಮಾಲೀಕರು ಒಬ್ಬ ಮೇಸ್ತ್ರಿಯನ್ನು ಕಳಿಸಿದರು. ಮೇಸ್ತ್ರಿ ಗೋಡೆಗೆ ಎರಡು ಸಲ ಬಡಿದು, "ಸುಮ್ನೆ ಅಡ್ಡಗೋಡೆ ಇದು, ಏನೂ ಹೊತ್ತಿಲ್ಲ" ಅಂದ. ಎರಡು ಭಾನುವಾರ ಸುತ್ತಿಗೆ ಏಟು. ನನ್ನ ಮಷೀನಿನ ಮೇಲಿಟ್ಟಿದ್ದ ಗುಂಡಿಗಳು ತಟ್ಟೆಯಲ್ಲಿ ಕುಣಿಯುತ್ತಿದ್ದವು.

ಆಮೇಲೆ ಸಣ್ಣಪುಟ್ಟದ್ದು. ನಮ್ಮ ಬಾಗಿಲು ಭುಜ ಕೊಟ್ಟು ನೂಕದೆ ಹಾಕಿಕೊಳ್ಳದಾಯಿತು. ಮಗ ತೇವಕ್ಕೆ ಮರ ಉಬ್ಬಿದೆ ಅಂತ ಉಜ್ಜಿ ಸರಿಮಾಡಿದ. ಒಂದು ವಾರಕ್ಕೆ ಮತ್ತೆ ಹಿಡಿಯಿತು. ಬೆಳಿಗ್ಗೆ ಎದ್ದರೆ ಮಷೀನಿನ ಮೇಲೆ ಬಿಳಿಯ ಹುಡಿ, ತೆಳ್ಳಗೆ, ಪೌಡರ್ ಉದುರಿಸಿದ ಹಾಗೆ. ನಾನು ಒರೆಸುತ್ತಿದ್ದೆ. ಕೆಳಗೆ ಮೈದಾ ಹಿಟ್ಟಿನ ಮೂಟೆ ಕೊಡವುತ್ತಾರೆ, ಅದೇ ಮೇಲಕ್ಕೆ ಬರುತ್ತದೆ ಅಂದುಕೊಂಡಿದ್ದೆ.

ಪರೀಕ್ಷೆ ಮುಗಿಯಿತು, ಕೀಬೋರ್ಡು ಮನೆಗೆ ಬಂತು. ಇಂಚು ಮೆಟ್ಟಿಲು ಕಟ್ಟಲು ಶುರುಮಾಡಿದಳು. ಮೊದಲಿನ ಅಳತೆ ನೋಟ್‌ಬುಕ್ಕಿನಲ್ಲಿತ್ತು, ಆದರೂ ಇನ್ನೊಮ್ಮೆ ನೋಡುತ್ತೇನೆ ಅಂತ ಟೇಪು ಹಿಡಿದು ಇಳಿದಳು. ಗಡಿಯಾರದವರ ಬಾಗಿಲ ಮುಂದೆ, ಮೆಟ್ಟಿಲು ತಿರುಗುವ ಕಡೆ, ಎರಡು ಗೋಡೆಗಳ ನಡುವಿನ ಜಾಗ. ಮೊದಲು ನಲವತ್ತೊಂದು ಇಂಚು ಇತ್ತು.

"ಅಜ್ಜಿ, ಈಗ ನಲವತ್ತೊಂದೂವರೆ ಬರ್ತಿದೆ."

"ನಿನ್ನ ಕೈ ಜಾರಿರುತ್ತೆ."

"ಆರು ಸಲ ಅಳೆದೆ."

"ಹಾಗಾದ್ರೆ ಟೇಪು ಹಿಗ್ಗಿದೆ. ಅದಕ್ಕೆ ನಿನ್ನಪ್ಪನಿಗಿಂತ ವಯಸ್ಸಾಗಿದೆ ಮಗಳೇ."

"ಡ್ರಾಯರಲ್ಲಿರೋದು ಕೊಡಿ ಅಜ್ಜಿ, ಒಂದೇ ಸಲ."

"ಅದು ಗೋಡೆ ಮುಟ್ಟೋ ಟೇಪಲ್ಲ."

ಅವಳು ಹಳೆಯ ಟೇಪನ್ನೇ ಸುತ್ತಿಕೊಂಡು ಹೋದಳು. ಮುಂದಿನ ಭಾನುವಾರ ನಲವತ್ತೊಂದು ಮುಕ್ಕಾಲು. ತಾರೀಖು ಹಾಕಿ ಬರೆದಳು. ಅಪ್ಪನಿಗೆ ತೋರಿಸಿದಳು. ಅವನು ದಿನವಿಡೀ ಸ್ಟೇರಿಂಗ್ ತಿರುಗಿಸಿ ಬಂದವನು, "ಕಾಲಿಂಚಿಗೆಲ್ಲ ನನ್ನ ತಲೆ ತಿನ್ಬೇಡ್ವೇ. ಅದರ ಬದಲು ವಿಜ್ಞಾನದಲ್ಲಿ ಕಾಲು ಮಾರ್ಕು ಜಾಸ್ತಿ ತಗೊಂಡು ಬಾ" ಅಂದ.

ಅದೇ ವಾರ ಅವಳು ಮೆಟ್ಟಿಲಿನ ದನಿ ಹಿಡಿಯಲು ಫೋನನ್ನು ಆ ಗೋಡೆಗೆ ಒರಗಿಸಿಟ್ಟು ಬಂದಿದ್ದಳು. ಹೆಜ್ಜೆ ಸದ್ದು ಇಲ್ಲದ ಕಡೆಯಲ್ಲೂ ಏನೋ ಇತ್ತು. ನನ್ನ ಕಿವಿಗೆ ಹಿಡಿದು ಕೇಳಿಸಿದಳು. ಟಿಕ್. ತುಂಬಾ ಹೊತ್ತು ಏನೂ ಇಲ್ಲ. ಮತ್ತೆ ಟಿಕ್, ಟಿಕ್. ಒಣಗಿದ ಕಡ್ಡಿಯನ್ನು ಯಾರೋ ನಿಧಾನಕ್ಕೆ ಮುರಿದ ಹಾಗೆ.

ಗಡಿಯಾರದವರಿಗೂ ಕೇಳಿಸಿದಳು. ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ನಕ್ಕರು. "ಗೋಡೆ ಈಚೆ ಅರವತ್ತು ಗಡಿಯಾರ ಇಟ್ಕೊಂಡಿದ್ದೀನಿ. ಟಿಕ್ ಅನ್ನದೆ ಮಿಯಾಂವ್ ಅನ್ನುತ್ತಾ?"

"ಗಡಿಯಾರ ಒಂದೇ ಸಮ ಹೊಡ್ಕೊಳ್ಳುತ್ತೆ ತಾತ. ಇದು ಹಾಗಿಲ್ಲ."

"ರಿಪೇರಿಗೆ ಬಂದಿರೋ ಗಡಿಯಾರ ಕಣಮ್ಮ. ಒಂದೇ ಸಮ ಹೊಡ್ಕೊಂಡಿದ್ರೆ ನನ್ನ ಹತ್ರ ಯಾಕೆ ಬರ್ತಿತ್ತು?"

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅವಳು ಕೊನೆಗೆ ಹೋದದ್ದು ಬೇಕರಿಯವರ ಹತ್ತಿರ. ಏನು ಹೇಳಿದಳೋ, ಅವರು ಅಳತೆಗಳನ್ನು ಬೇರೆ ಪುಟದಲ್ಲಿ ಬರೆಸಿ ಇಸಿದುಕೊಂಡಿದ್ದರು. ಮಾರನೆಯ ದಿನ ನಾನು ನೀರಿನ ಕ್ಯಾನು ಹೊತ್ತು ಬರುವಾಗ ಅಡ್ಡ ನಿಂತರು. ಕೈಗೆಲ್ಲ ಹಿಟ್ಟು, ಬೆರಳ ತುದಿಯಲ್ಲಿ ಆ ಪುಟ. ಯಾವಾಗಲೂ ಇರುವ ನಗು ಇರಲಿಲ್ಲ.

"ಅಮ್ಮ, ಇಂಚು ಗೋಡೆ ಸರೀತಿದೆ ಅಂತಾಳಲ್ಲ. ನಿಮಗೇನನ್ಸುತ್ತೆ? ಅಳತೆ ವಿಷಯ ನಿಮಗೆ ಗೊತ್ತು."

"ಅಯ್ಯೋ, ಗೋಡೆ ಎಲ್ಲಿ ಸರೀತದೆ! ನಾನು ಕೊಟ್ಟಿರೋದು ಹಳೇ ಟೇಪು. ಹಿಗ್ಗಿಹೋಗಿದೆ."

"ಅಷ್ಟೇನಾ?" ಅವರು ಉಸಿರು ಬಿಟ್ಟರು. "ಬೇರೆ ಕಡೆಯಿಂದ ಒಬ್ಬ ಇಂಜಿನಿಯರ್‌ನ ಕರೆಸಿ ತೋರಿಸೋಣ ಅಂತಿದ್ದೆ. ನನ್ನ ಷಟರು ಬೇರೆ ಎರಡು ದಿನದಿಂದ ಮೊಂಡು ಹಿಡಿದಿದೆ. ಹಾಗಾದ್ರೆ ಬಿಡಿ."

ಕ್ಯಾನು ನನ್ನ ಕೈಯಿಂದ ಇಸಿದುಕೊಂಡು ಮೇಲಿನವರೆಗೂ ಹೊತ್ತು ತಂದುಕೊಟ್ಟರು. ಮೆಟ್ಟಿಲು ತಿರುಗುವ ಕಡೆ ಇಬ್ಬರೂ ಅಕ್ಕಪಕ್ಕ ಸಲೀಸಾಗಿ ಹತ್ತಿದೆವು. ಅದು ಆಗ ನನಗೆ ಹೊಳೆಯಲೇ ಇಲ್ಲ.

ಅದಾದ ಮೂರನೆಯ ಭಾನುವಾರ. ಬೆಳಿಗ್ಗೆ ಒಂಬತ್ತೂವರೆ. ಮಗ ಬಸ್ಸಿಗೆ ಹೋಗಿದ್ದ. ಇಂಚು ಕಂಪ್ಯೂಟರಿನ ಮುಂದೆ. ಸೊಸೆಗೆ ಮಧ್ಯಾಹ್ನದ ಡ್ಯೂಟಿ, ಹೊಸ ಯೂನಿಫಾರ್ಮಿನ ತೋಳಿಗೆ ಅಳತೆ ಕೊಡಲು ನಿಂತಿದ್ದಳು. ಡ್ರಾಯರು ಎಳೆದರೆ ಬರಲಿಲ್ಲ, ಅದೂ ಕಚ್ಚಿಕೊಂಡಿತ್ತು. ಹತ್ತಿರ ಬಿದ್ದಿದ್ದ ಹಳೆಯ ಟೇಪನ್ನೇ ಅವಳ ಭುಜಕ್ಕೆ ಹಿಡಿದೆ.

"ಅತ್ತೆ, ಅದರಲ್ಲಿ ಬೇಡ" ಅಂದಳು ಸೊಸೆ. "ಮದುವೆಯಾದ ಹೊಸದರಲ್ಲಿ ಅದರಲ್ಲೇ ನನ್ನನ್ನು ಅಳೆದು, ಹೊಸ ಟೇಪಿನಲ್ಲಿ ಬಟ್ಟೆ ಕತ್ತರಿಸಿ ಯೂನಿಫಾರ್ಮು ಹೊಲಿದುಕೊಟ್ರಿ. ನೆನಪಿದೆಯಾ? ಎಂಥ ಬಿಗಿ! ರೋಗಿಗಿಂತ ಮೊದಲು ನನಗೇ ಆಕ್ಸಿಜನ್ ಹಾಕಬೇಕಾಗಿತ್ತು."

ನಾನು ನಗಲು ಹೋದವಳು ನಿಂತೆ.

ಬಿಗಿ. ಹೌದು, ಬಿಗಿಯೇ ಆಗಿತ್ತು. ಹಿಗ್ಗಿದ ಟೇಪಿನಲ್ಲಿ ಒಂದೊಂದು ಇಂಚೂ ಉದ್ದ. ಅದನ್ನು ಮೈಗೆ ಹಿಡಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಜಾಸ್ತಿ ತೋರಿಸುವುದಿಲ್ಲ. ಯಾವ ಕಾಲಕ್ಕೂ ತೋರಿಸುವುದಿಲ್ಲ. ಮೂವತ್ತು ವರ್ಷ ಅದರಲ್ಲೇ ಅನ್ನ ತಿಂದವಳು ನಾನು. ಟೇಪು ಇನ್ನಷ್ಟು ಹಿಗ್ಗಿದ್ದರೆ ನಲವತ್ತೊಂದು ಹೋಗಿ ನಲವತ್ತೂವರೆ ಆಗಬೇಕಿತ್ತು. ಮಗು ದಿನೇದಿನೇ ಜಾಸ್ತಿ ಅಂತ ಬರೆಯುತ್ತಿದೆ.

"ಇಂಚು," ಅಂದೆ. "ಇವತ್ತು ಅಳೆದ್ಯಾ?"

"ನಲವತ್ತೆರಡೂಕಾಲು ಅಜ್ಜಿ. ನೀವು ಬೈತೀರಿ ಅಂತ ಹೇಳ್ಲಿಲ್ಲ."

"ಏಳು. ಚಪ್ಪಲಿ ಹಾಕ್ಕೋ. ಎಲ್ಲರೂ ಕೆಳಗೆ ನಡೀರಿ."

ಸೊಸೆ ಒಂದೂ ಪ್ರಶ್ನೆ ಕೇಳಲಿಲ್ಲ. ಆಸ್ಪತ್ರೆಯ ಅಭ್ಯಾಸ ಇರಬೇಕು. ಇಂಚು ನೋಟ್‌ಬುಕ್ಕು ಎತ್ತಿಕೊಂಡಳು. ಬಾಗಿಲು ಇಬ್ಬರೂ ಸೇರಿ ಎಳೆದರೆ ತೆರೆಯಿತು. ಗಡಿಯಾರದವರ ಬಾಗಿಲು ಬಡಿದೆವು. ಅವರು ಗೊಣಗುತ್ತ, ಹೆಂಡತಿಯ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಬಿಚ್ಚಿದ ಗಡಿಯಾರ ಹಿಡಿದು ಬಂದರು. ಬೇಕರಿಯಲ್ಲಿ ಕೆಲಸದವರು ಮೂವರು, ಗಿರಾಕಿಗಳು ನಾಲ್ವರು.

ಬೇಕರಿಯವರು ನನ್ನ ಮಾತನ್ನು ಅರ್ಧ ಕೇಳಿದರು. ಟೇಪು ಕಡಿಮೆ ತೋರಿಸುತ್ತದೆ ಅಂದದ್ದು ಅರ್ಥವಾಯಿತೋ ಇಲ್ಲವೋ, ನನ್ನ ಮುಖ ನೋಡಿದರು, ಆಮೇಲೆ ಒಡೆದ ಗೋಡೆಯ ಮೇಲುಗಡೆ ನೋಡಿದರು. "ಎಲ್ಲ ಆಚೆ ನಡೀರೋ" ಅಂದರು.

ರಸ್ತೆಯ ಆಚೆ ಬದಿ ನಿಂತೆವು. ಸೊಸೆ ಫೈರ್ ಸ್ಟೇಷನ್ನಿಗೆ ಫೋನು ಮಾಡಿದಳು. ಯಾರಿಗಾದರೂ ಏಟಾಗಿದೆಯಾ, ಬೆಂಕಿ ಇದೆಯಾ ಅಂತ ಕೇಳಿದರಂತೆ. ಇಲ್ಲ ಅಂದಳು. ಕಳಿಸುತ್ತೇವೆ ಅಂದರು.

ಬಿಸಿಲು ಚೆನ್ನಾಗಿತ್ತು. ಕಟ್ಟಡ ಅದರ ಪಾಡಿಗೆ ನಿಂತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಮ್ಮ ಕಿಟಕಿಯಲ್ಲಿ ಒಣಹಾಕಿದ್ದ ಯೂನಿಫಾರ್ಮು ಗಾಳಿಗೆ ಆಡುತ್ತಿತ್ತು. ಗಿರಾಕಿಗಳು ಕೈಗಡಿಯಾರ ನೋಡಿಕೊಂಡು ಹೊರಟುಹೋದರು. ದಾರಿಹೋಕರು ನಿಂತು, "ಏನಾಯ್ತು?" ಅಂತ ಕೇಳಿ, "ಏನೂ ಆಗಿಲ್ವಾ?" ಅಂತ ಮುಖ ಸಪ್ಪಗೆ ಮಾಡಿಕೊಂಡು ನಡೆದರು.

"ಹೊಲಿಗೆ ಟೇಪು ನಂಬಿ ಬೀದಿಗೆ ಬಂದ್ವಲ್ಲ" ಅಂದರು ಗಡಿಯಾರದವರು. "ನಾಳೆ ಇವರು ಸೂಜಿ ಬಾಗಿದೆ ಅಂದ್ರೆ ಊರೇ ಬಿಡಬೇಕೇನೋ."

ಕೆಲಸದವರು ಕಿಸಕ್ಕನೆ ನಕ್ಕರು. ಇಂಚು ಯಾರ ಕಡೆಗೂ ನೋಡದೆ ಕಟ್ಟಡವನ್ನೇ ನೋಡುತ್ತಿದ್ದಳು, ಆಟದಲ್ಲಿ ಪರದೆ ನೋಡುವ ಹಾಗೆ, ರೆಪ್ಪೆ ಬಡಿಯದೆ.

ಮುಕ್ಕಾಲು ಗಂಟೆ ಕಳೆದಿರಬೇಕು. ಬ್ರೆಡ್ಡು ಸುಟ್ಟ ವಾಸನೆ ಬಂತು. ಬೇಕರಿಯವರು ಹಣೆ ಬಡಿದುಕೊಂಡರು.

"ಒಲೆ ಉರೀತಿದೆ. ನಲವತ್ತು ಬ್ರೆಡ್ಡು ಹೋದ್ವು. ಹೋಗ್ಲಿ ಬಿಡಿ, ಒಲೆ ಆರಿಸಿಬಿಡ್ತೀನಿ. ಇಲ್ದಿದ್ರೆ ನಿಮ್ಮ ಗೋಡೆ ಬೀಳೋ ಮುಂಚೆ ಬೆಂಕಿ ಬೀಳುತ್ತೆ."

"ಬೇಡ ಮಾಮ" ಅಂದಳು ಇಂಚು.

"ಒಂದೇ ನಿಮಿಷ ಕಣಮ್ಮ."

"ಬೇಡ ಮಾಮ. ಅಜ್ಜಿ, ಹೋಗಬೇಡಿ ಅನ್ನಿ."

ಅವರು ನನ್ನ ಕಡೆ ನೋಡಿದರು. ನಾನು ಒಂದು ಮಾತು ಅಂದಿದ್ದರೆ ನಿಲ್ಲುತ್ತಿದ್ದರು. ಆಗಲೇ ಎಲ್ಲರ ಕೈಲಿ ನಗಿಸಿಕೊಂಡಾಗಿತ್ತು. ಇನ್ನೂ ಜೋರು ಮಾಡಿದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ ಅನಿಸಿತು. ಕಟ್ಟಡವೂ ಅಷ್ಟು ಗಟ್ಟಿಯಾಗಿ ನಿಂತಿತ್ತು.

"ಬೇಗ ಬನ್ನಿ" ಅಂದೆ. ಅಷ್ಟೇ ನಾನು ಅಂದದ್ದು.

ಅವರು ರಸ್ತೆ ದಾಟಿ ಷಟರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದರು. ಷಟರು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಇಂಚು ನನ್ನ ಸೆರಗು ಹಿಡಿದಿದ್ದಳು.

ಮೊದಲು ಸದ್ದು ಬರಲಿಲ್ಲ. ಬೇಕರಿಯ ಬೋರ್ಡು ಒಂದು ಬದಿಗೆ ಇಳಿಯಿತು, ಫೋಟೋ ಓರೆಯಾದ ಹಾಗೆ. ಆಮೇಲೆ ನಮ್ಮ ಕಿಟಕಿ ಒಳಗಿನಿಂದ ಬೆಳಗಿತು. ಹಿಂದಿನ ಗೋಡೆ ಹೋಗಿ ಆಕಾಶ ಕಂಡದ್ದು ಅದು. ಆಮೇಲೆ ಸದ್ದು. ಹಿಂದಿನ ಅರ್ಧ ಕಟ್ಟಡ ಮೆಟ್ಟಿಲು ಸಮೇತ ಕೂತುಬಿಟ್ಟಿತು. ರಸ್ತೆ ತುಂಬ ಬಿಳಿಯ ಹುಡಿ. ಅದು ಮೈದಾ ಅಲ್ಲ ಅಂತ ಈಗ ಗೊತ್ತಾಯಿತು.

ಬೇಕರಿಯವರನ್ನು ಸಂಜೆ ನಾಲ್ಕಕ್ಕೆ ಹೊರಗೆ ತಂದರು. ಒಲೆ ಆರಿತ್ತು ಅಂತ ಫೈರಿನವರು ಹೇಳಿದರು. ಆರಿಸಿಯೇ ಹೋಗಿದ್ದರು.

ಆಮೇಲೆ ತನಿಖೆಗೆ ಕಾರ್ಪೊರೇಷನ್ ಆಫೀಸಿನವರು ಬಂದು ಕೇಳಿದರು, ಮಾಲೀಕರು, ಮೇಸ್ತ್ರಿ ಎಲ್ಲರನ್ನೂ ಕೇಳಿದರು. ಇಂಚು ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟಳು. ಅವರೊಬ್ಬರು ತಾರೀಖುಗಳ ಮೇಲೆ ಬೆರಳಾಡಿಸುತ್ತ, "ಇಷ್ಟು ದಿನದ ಹಿಂದೆಯೇ ಗೊತ್ತಿತ್ತಾ? ಯಾರಿಗೂ ಹೇಳಲಿಲ್ವಾ?" ಅಂದರು. ಇಂಚು ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. ಅವಳು ಎಲ್ಲರಿಗೂ ಹೇಳಿದ್ದಳು, ಬೇಕರಿಯವರು ನಂಬಿಯೂ ಇದ್ದರು, ಇಂಜಿನಿಯರನ್ನು ಕರೆಸುವವರಿದ್ದರು, ಬೇಡ ಅನ್ನುವ ಹಾಗೆ ಮಾಡಿದ್ದು ನಾನು ಅಂತ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಟೇಪಿನ ಮಾತು ಅವರಿಗೆ ತಲೆಗೆ ಹೋಗಲಿಲ್ಲ. ಅದಕ್ಕೇ ಈಗ ನಾನು ಬರೆದೆ.

ಈಗ ನಾವು ಬೇರೆ ಬೀದಿಯಲ್ಲಿದ್ದೇವೆ, ನೆಲಮಹಡಿ. ಇಂಚು ಹತ್ತನೇ ಕ್ಲಾಸು. ಕಂಪ್ಯೂಟರು ಮಣ್ಣಿನ ಕೆಳಗೆ ಹೋಯಿತು. ಮಗನೇ ಇನ್ನೊಂದು ತಂದಿಟ್ಟ. ಕಟ್ಟಿದ್ದೆಲ್ಲ ಹೋಯಿತು ಅಂತ ನಾನಂದುಕೊಂಡಿದ್ದೆ. "ಅದು ಆ ಡಬ್ಬಿಯೊಳಗೆ ಇರಲ್ಲ ಅಜ್ಜಿ, ಬೇರೆಲ್ಲೋ ಇರುತ್ತೆ" ಅಂದು ತೆರೆದು ತೋರಿಸಿದಳು. ಇದೆ, ಎಲ್ಲ ಇದೆ. ಅಡುಗೆಮನೆ, ಸಿಂಕಿನ ಕೆಳಗಿನ ಬಕೆಟ್ಟು, ಕಿರ್ರ್ ಅನ್ನುವ ಬಾಗಿಲು. ಮೆಟ್ಟಿಲು ತಿರುಗುವ ಕಡೆ ನಲವತ್ತೊಂದು ಇಟ್ಟಿಗೆ ಜಾಗ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಕೆಳಗೆ ಇಳಿದರೆ ಗಲ್ಲಾಪೆಟ್ಟಿಗೆಯ ಹಿಂದೆ ಬೇಕರಿಯವರು ನಿಂತಿದ್ದಾರೆ, ಎರಡಿಂಚು ಸಣ್ಣಗೆ. ಹತ್ತಿರ ಹೋದರೆ ಅವರದೇ ದನಿ: "ಬಾಮ್ಮ ಇಂಚು, ಇವತ್ತೇನು ಅಳತೆ?" ಯಾವಾಗ ಹಿಡಿದಿಟ್ಟಿದ್ದಳೋ. ಸೊಸೆ ಎದ್ದು ಒಳಗೆ ಹೋದಳು. ಒಂದು ಸಲ ಕೇಳಿದ ಮೇಲೆ ನಾನೂ ಆ ಕೋಣೆಗೆ ಹೋಗುವುದು ಕಮ್ಮಿ ಮಾಡಿದ್ದೇನೆ. ಇಂಚು ಮಾತ್ರ ಸ್ಕೂಲಿನಿಂದ ಬಂದವಳು ಮೊದಲು ಅಲ್ಲಿಗೇ ಹೋಗುತ್ತಾಳೆ. ಏನನ್ನೂ ಹೊಸದಾಗಿ ಕಟ್ಟುವುದಿಲ್ಲ. ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ, ಆ ತಿರುವಿನಲ್ಲಿ ನಿಲ್ಲುತ್ತಾಳೆ.

ಭಾನುವಾರ ಈ ಮನೆ ಅಳೆಯುತ್ತಾಳೆ. ಮುಂದಿನ ಅರ್ಧದಲ್ಲಿ ಉಳಿದಿದ್ದ ಮಷೀನಿನ ಡ್ರಾಯರು ಒಡೆದು ತೆಗೆದ ಕೆಲಸದ ಟೇಪನ್ನು ನಾನೇ ಅವಳ ಕೈಗೆ ಕೊಟ್ಟಿದ್ದೇನೆ. ಗೋಡೆಯ ಸುಣ್ಣ ಹತ್ತಿ ಅದು ಬೆಳ್ಳಗಾಗಿದೆ. ಗಿರಾಕಿಯ ಬಟ್ಟೆಗೆ ಅದನ್ನು ಮುಟ್ಟಿಸುವ ಹಾಗಿಲ್ಲ, ಹೊಲಿಗೆಯೂ ಹೆಚ್ಚುಕಮ್ಮಿ ನಿಂತಿದೆ. ಟೇಪಿನ ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದು ತುದಿ ಅವಳು. ಅವಳ ಅಪ್ಪನೂ ಈಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ.

ಮೊನ್ನೆ ಭಾನುವಾರ ಬಚ್ಚಲ ಕಡೆಯ ಗೋಡೆಯ ಹತ್ತಿರ ಅಳೆದಳು. ಹೊಸ ನೋಟ್‌ಬುಕ್ಕು ನೋಡಿದಳು. ಮತ್ತೆ ಅಳೆದಳು.

"ಎಷ್ಟು ಬಂತೇ?" ಅಂದೆ.

"ತಡೀರಿ ಅಜ್ಜಿ" ಅಂದಳು. "ಗಟ್ಟಿಯಾಗಿ ಹಿಡ್ಕೊಳ್ಳಿ. ಇನ್ನೊಂದು ಸಲ."